ಕೃಷ್ಣಾತೀರದ ಒಂದು ಕನ್ನಡ ದ್ವೀಪ

ಗಡಿನಾಡ ಕನ್ನಡಿಗರೆಂದಾಗ ಕಾಸರಗೋಡಿನವರಾದ ನಮಗೆ ಮೊದಲು ನೆನಪಾಗುವುದು ನಮ್ಮದೇ ಕಷ್ಟಸುಖ. ಅದು ಸಹಜ. ಆದರೆ 1956ರ ನವೆಂಬರ್ 1ರಂದು ಚಂದ್ರಗಿರಿಯ ದಂಡೆಯಲ್ಲಿ ನಡೆದಂಥದೇ ಒಂದು ಬೇರ್ಪಾಡು ಕೃಷ್ಣೆಯ ದಂಡೆಯಲ್ಲೂ ನಡೆಯಿತು. ಅಥಣಿ, ಚಿಕ್ಕೋಡಿಗಳು ಮೈಸೂರು ರಾಜ್ಯಕ್ಕೆ ಬಂದವು. ಮಿರಜ, ಸಾಂಗಲಿ, ಜತ್ತಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ಸಂತೆ, ಜಾತ್ರೆ, ಬೀಗತನಗಳು ಮಾತ್ರ ಮೊದಲಿನ ಹಾದಿಯಲ್ಲೇ ನಡೆದವು.

ನೀರ್ಚಾಲಿನ ಕಡೆಯವಳಾದ ನಾನು ಮದುವೆಯಾಗಿ 1986ರಲ್ಲಿ ಕುಪವಾಡ ಎಂಐಡಿಸಿಯ ಬಾಡಿಗೆ ಮನೆಗೆ ಬಂದೆ. ಯಜಮಾನರಿಗೆ ಅಲ್ಲಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಸಾಲಿನ ಹನ್ನೊಂದು ಮನೆಗಳಲ್ಲಿ ಐದರಲ್ಲಿ ಕನ್ನಡವಿತ್ತು. ಸುತ್ತ ಮರಾಠಿ, ನಡುವೆ ಈ ಐದು ಮನೆ. ಇಂಥ ಗುಂಪುಗಳನ್ನು ಭಾಷಾದ್ವೀಪವೆಂದು ಕರೆಯುವ ರೂಢಿಯಿದೆ. ಈ ದ್ವೀಪದಲ್ಲಿ ಕನ್ನಡ ಇಷ್ಟು ಕಾಲ ಬಾಳಿದ್ದು ಹೇಗೆ ಎಂದು ಕೇಳಿದರೆ, ವರದಿಗಳಿಗಿಂತ ಹೆಚ್ಚಾಗಿ ಅಡುಗೆಮನೆಗಳಿಂದ, ರಜೆಯ ದಿನದ ಸಣ್ಣ ತಿರುಗಾಟಗಳಿಂದ ಎಂಬುದು ನನ್ನ ಅಭಿಪ್ರಾಯ. ಆ ಹಾದಿಗಳ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮೊದಲು ಊರಿನ ಪೂರ್ವಕಥೆ. 1801ರಲ್ಲಿ ಚಿಂತಾಮಣರಾವ್ ಪಟವರ್ಧನರು ಮಿರಜದಿಂದ ಬೇರೆಯಾಗಿ ಸಾಂಗಲಿಯನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ಆ ಸಂಸ್ಥಾನದ ನೆಲ ಒಂದೇ ಕಡೆ ಇರಲಿಲ್ಲ. ತೇರದಾಳ, ಶಿರಹಟ್ಟಿ, ಬೆಳಗಾವಿಯ ಪಕ್ಕದ ಶಹಾಪುರ ಇವೆಲ್ಲ ಸಾಂಗಲಿಗೆ ಸೇರಿದ್ದವು. ಹೀಗಾಗಿ ಕನ್ನಡ ರೈತ, ನೇಕಾರ, ವ್ಯಾಪಾರಿಗಳಿಗೆ ಸಾಂಗಲಿ ತಮ್ಮದೇ ಸರಕಾರದ ಊರು. ಕಂದಾಯ, ಕಚೇರಿ, ಅರಿಸಿನದ ಪೇಟೆ ಎಂದು ಬಂದು ಹೋಗುವ ಕಾರಣಗಳಿದ್ದವು. ಮಿರಜ ರೈಲು ಜಂಕ್ಷನ್ ಆದ ಮೇಲೆ ಬರುವವರು ಹೆಚ್ಚಿದರು. 1894ರಲ್ಲಿ ವೈದ್ಯ ಮಿಶನರಿ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಬಳಿಕ ಬಿಜಾಪುರ, ಬೆಳಗಾವಿ ಜಿಲ್ಲೆಗಳ ಕಾಯಿಲೆಯವರಿಗೆ ಮಿರಜವೇ ದೊಡ್ಡ ಭರವಸೆ. ಇಂದಿಗೂ ಮಿರಜದ ಆಸ್ಪತ್ರೆಗಳ ಪಡಸಾಲೆಯಲ್ಲಿ ಕನ್ನಡ ಕೇಳಿಸುತ್ತದೆ.

ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆ ಹುಟ್ಟಿತು. ಅದೇ 1960ರಲ್ಲಿ ಸಾಂಗಲಿ ಜಿಲ್ಲೆಯೆಂದು ಹೆಸರಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದ ಅದೇ ವರದಿ ಜತ್ತ, ಅಕ್ಕಲಕೋಟೆಗಳ ಕಡೆಯ ಹಳ್ಳಿಗಳ ಬಗ್ಗೆಯೂ ಅದೇ ಮಾತು ಹೇಳಿತು. ಎರಡೂ ಜಾರಿಗೆ ಬರಲಿಲ್ಲ. ಈ ಕಥೆ ನಮ್ಮ ಓದುಗರಿಗೆ ಬಾಯಿಪಾಠವಾದ್ದರಿಂದ ಮುಂದುವರಿಸುವುದಿಲ್ಲ.

ಕುಪವಾಡದ ಕಥೆ ಇನ್ನೂ ಈಚಿನದು. ಈ ಸೀಮೆಗೆ ಕಾರ್ಖಾನೆ ಹೊಸತಲ್ಲ. 1910ರಲ್ಲೇ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಿಂದ ತಮ್ಮ ಕಾರ್ಖಾನೆಯನ್ನು ಎತ್ತಿ ತಂದು ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದರು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಸ್ಥಾಪನೆಯಾಯಿತು. ಅದರ ವಸಾಹತುಗಳು ಮಿರಜದಲ್ಲೂ ಕುಪವಾಡದಲ್ಲೂ ಎದ್ದವು. ತಗಡಿನ ಶೆಡ್ಡುಗಳು, ಎರಕದ ಭಟ್ಟಿ, ನೂಲಿನ ಗಿರಣಿ, ದ್ರಾಕ್ಷಿ ಒಣಗಿಸಿದ ಮನೂಕ ಇಡುವ ಶೀತಗೃಹ ಹೀಗೆ ಬೆಳೆಯಿತು. ಮಿರಜದ ದಕ್ಷಿಣಕ್ಕೆ ಮ್ಹೈಸಾಳ, ಅದರಾಚೆ ಕಾಗವಾಡ; ಕಾಗವಾಡವೆಂದರೆ ಕರ್ನಾಟಕ. ಅಷ್ಟು ಹತ್ತಿರದಿಂದ ಅಥಣಿ, ರಾಯಬಾಗದ ಹುಡುಗರು ಕೆಲಸಕ್ಕೆ ಬಂದದ್ದು ಆಶ್ಚರ್ಯವಲ್ಲ. ಜತ್ತದ ಬರದ ಹಳ್ಳಿಗಳಿಂದ ಮನೆಮಂದಿಯೆಲ್ಲ ಬಂದರು.

ಮನೆಯೊಳಗಿನ ಭಾಷೆಯ ಹಂಚಿಕೆ ಹೀಗಿತ್ತು. ಗಂಡಸರಿಗೆ ಶೆಡ್ಡಿನಲ್ಲಿ ಮರಾಠಿ, ಮೇಲಧಿಕಾರಿಯ ಮುಂದೆ ಹಿಂದಿ. ಮಕ್ಕಳಿಗೆ ಶಾಲೆಯಲ್ಲಿ ಮರಾಠಿ. ಹೆಂಗಸರಿಗೆ ನಲ್ಲಿಯ ಹತ್ತಿರ ಎರಡೂ. ಮುದುಕಿಯರಿಗೆ ಕನ್ನಡ ಮಾತ್ರ. ಅಜ್ಜಿಯ ಹತ್ತಿರ ನೀರು ಕೇಳಬೇಕಾದರೂ ಮೊಮ್ಮಗ ಕನ್ನಡದಲ್ಲೇ ಕೇಳಬೇಕು. ಸಂಜೆ ಧಾರವಾಡ ಆಕಾಶವಾಣಿ. ಧಾರವಾಡದ ಕೇಂದ್ರ 1950ರಲ್ಲಿ, ಸಾಂಗಲಿಯ ಕೇಂದ್ರ 1963ರಲ್ಲಿ ಆರಂಭವಾದವು. ಒಂದೇ ರೇಡಿಯೋದ ಮುಳ್ಳನ್ನು ತಂದೆ ಒಂದು ಕಡೆ, ಅಜ್ಜಿ ಇನ್ನೊಂದು ಕಡೆ ತಿರುಗಿಸುವುದು ದಿನದ ಜಗಳ.

ನನ್ನ ಕನ್ನಡ ಅವರಿಗೆ ಪುಸ್ತಕದ ಕನ್ನಡ. ಅವರದು ನನಗೆ ಮೊದಲ ತಿಂಗಳು ಅರ್ಧ ಮಾತ್ರ ತಿಳಿಯುತ್ತಿತ್ತು. ಊರಿನಿಂದ ತಂದ ಹಲಸಿನ ಹಪ್ಪಳ ಕೊಟ್ಟರೆ ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತಿತ್ತು. ಹೋಳಿಗೆಯ ದಿನ ಅವರ ಮನೆಯಲ್ಲಿ ಕಟ್ಟಿನ ಸಾರು, ಮರಾಠಿ ಮನೆಯಲ್ಲಿ ಕಟಾಚಿ ಆಮಟಿ. ಪದಾರ್ಥ ಒಂದೇ, ಹೆಸರಿನ ಮೊದಲರ್ಧವೂ ಒಂದೇ. ಅಕ್ಕ, ಅಣ್ಣ ಎಂದು ಮರಾಠಿಯವರೂ ಕರೆಯುತ್ತಾರೆ. ತುಪ್ಪಕ್ಕೆ ಅವರು ತೂಪ ಎನ್ನುತ್ತಾರೆ. ಎರಡು ಭಾಷೆಗಳು ಎಷ್ಟು ತಲೆಮಾರುಗಳಿಂದ ಒಂದೇ ಒಲೆಯ ಮುಂದೆ ಕುಳಿತಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ತಿರುಗಾಟಗಳು. ವಾರದ ರಜೆಯ ಹಿಂದಿನ ಸಂಜೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಏನ್ರಿ ಅಕ್ಕಾರ, ಹೊಳಿ ತುಂಬಿ ಬಂದೈತಂತ, ನಾಳಿ ಹರಿಪುರಕ್ಕ ಹೋಗೂಣೇನು? ರೊಟ್ಟಿ ನಾ ಬಡೀತೀನಿ, ಪಲ್ಲೆ ನೀವು ಮಾಡ್ರಿ" ಎನ್ನುತ್ತಿದ್ದರು. ಸಿದ್ಧತೆಯೆಂದರೆ ಅಷ್ಟೇ.

ಹರಿಪುರ ಸಾಂಗಲಿಗೆ ತಾಗಿಕೊಂಡ ಊರು. ಅಲ್ಲಿ ವಾರಣಾ ನದಿ ಕೃಷ್ಣೆಯನ್ನು ಕೂಡುತ್ತದೆ. ಸಂಗಮೇಶ್ವರನ ಗುಡಿಗೆ ಶ್ರಾವಣ ಸೋಮವಾರಗಳಲ್ಲಿ ಜಾತ್ರೆಯಂಥ ಜನ. ಅಲ್ಲಿ ನಮ್ಮ ಮಕ್ಕಳಿಗೆ ಗುಡಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಅರಿಸಿನದ ಹಗೇವುಗಳು. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಬಾಯಿ ಕಿರಿದು ಮಾಡಿ, ಅರಿಸಿನ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಆ ಮಣ್ಣಿನ ಗುಣ ಹಾಗೆ. ಮರಾಠಿಯಲ್ಲಿ ಪೇವ ಎನ್ನುತ್ತಾರೆ. ನಮ್ಮ ನೆರೆಮನೆಯ ಅಜ್ಜಿ ಹಗೇವು ಎನ್ನುತ್ತಿದ್ದರು. ತಮ್ಮ ಹಳ್ಳಿಯಲ್ಲಿ ಜೋಳ ಇಡುತ್ತಿದ್ದ ಹಗೇವಿನ ಕಥೆಯನ್ನು ಅವರು ಅಲ್ಲೇ ಕುಳಿತು ಹೇಳಿದರು. ಕುಪವಾಡದ ಮನೆಯಲ್ಲಿ ಹುಟ್ಟಿದ ಮಗು ಆ ಮಾತನ್ನು ಕೇಳಲು ಬೇರೆ ಸಂದರ್ಭವೇ ಇರಲಿಲ್ಲ. 2005ರ ನೆರೆಯಲ್ಲಿ ಹಗೇವುಗಳಿಗೆ ನೀರು ನುಗ್ಗಿ ಬಹಳ ಹಾಳಾದವು. ಅರಿಸಿನ ಗೋದಾಮು, ಶೀತಗೃಹಗಳಿಗೆ ಹೋಯಿತು. 2018ರಲ್ಲಿ ಸಾಂಗಲಿ ಅರಿಸಿನಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಹಗೇವು ಎಂಬ ಮಾತು ಮಾತ್ರ ಆ ಸಾಲಿನ ಮನೆಗಳಲ್ಲಿ ಈಗ ಕೇಳಿಬರುವುದಿಲ್ಲ.

ಎರಡನೆಯದು ನರಸೋಬಾವಾಡಿ. ಪಂಚಗಂಗೆ ಕೃಷ್ಣೆಗೆ ಸೇರುವ ಈ ಕ್ಷೇತ್ರದಲ್ಲಿ ನೃಸಿಂಹ ಸರಸ್ವತಿಯವರು ಹನ್ನೆರಡು ವರ್ಷ ಇದ್ದರೆಂದು ನಂಬಿಕೆ. ಬಳಿಕ ಅವರು ಹೋದದ್ದು ಕಲಬುರಗಿ ಸೀಮೆಯ ಗಾಣಗಾಪುರಕ್ಕೆ. ಹೀಗಾಗಿ ವಾಡಿಯ ಮೆಟ್ಟಿಲುಗಳಲ್ಲಿ ಕನ್ನಡ, ಮರಾಠಿ ಬೆರೆತೇ ಇರುತ್ತವೆ. ಮಳೆಗಾಲದಲ್ಲಿ ಹೊಳೆಯ ನೀರು ಗುಡಿಯೊಳಗೆ ಬಂದು ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿಂದ ಹೊರಹೋಗುವುದನ್ನು ದಕ್ಷಿಣದ್ವಾರ ಎನ್ನುತ್ತಾರೆ. ಅದನ್ನು ಕಾಣಲು ಜನ ಮುಗಿಬೀಳುತ್ತಾರೆ. ಹಿಂತಿರುಗುವಾಗ ಪೇಢೆ, ಕೃಷ್ಣೆಯ ದಂಡೆಯ ಬದನೆಕಾಯಿ ಚೀಲದಲ್ಲಿರಲೇಬೇಕು.

ಅದೇ ಶಿರೋಳ ತಾಲೂಕಿನ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೊಪ್ಪೇಶ್ವರ ದೇವಾಲಯವಿದೆ. ಸ್ವರ್ಗಮಂಟಪದ ನಡುವೆ ಚಾವಣಿಯಿಲ್ಲ. ದುಂಡಗೆ ಆಕಾಶ ಕಾಣುತ್ತದೆ. ಅಲ್ಲಿನ ಕಲ್ಲಿನಲ್ಲಿ ಕನ್ನಡ ಶಾಸನಗಳಿವೆ. ನಾವು ಹೋದ ದಿನ ಮರಾಠಿ ಶಾಲೆಗೆ ಹೋಗುವ ಹುಡುಗನೊಬ್ಬ ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದು ಅಜ್ಜಿ ಕ್ಯಾಲೆಂಡರಿನ ಅಕ್ಷರ" ಎಂದ. ಹಳಗನ್ನಡ ಲಿಪಿ ನಮಗೂ ಓದಲು ಬರಲಿಲ್ಲ. ಆದರೆ ಮನೆಯ ಗೋಡೆಯಲ್ಲಿ ಕಂಡದ್ದು ಇಷ್ಟು ಹಳೆಯದು ಎಂದು ಅವನಿಗೆ ತಿಳಿದದ್ದು ಕಡಿಮೆಯ ಮಾತಲ್ಲ.

ಮಿರಜಕ್ಕೆ ಹೋದರೆ ಖ್ವಾಜಾ ಶಮ್ನಾಮೀರಾ ದರ್ಗಾ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದು ಇದೇ ಆವರಣದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು. ಧಾರವಾಡ ಸೀಮೆಯ ಸಂಗೀತದ ಒಂದು ಬೇರು ಇಲ್ಲಿದೆ. ಉರುಸಿನ ಸಂಗೀತೋತ್ಸವದಲ್ಲಿ ಹುಣಿಸೆಮರದಡಿ ನೆಲದ ಮೇಲೆ ಕುಳಿತು ಕೇಳುವಾಗ ಯಾರ ಜಾತಿ, ಭಾಷೆ ಯಾವುದೆಂದು ಕೇಳುವವರಿಲ್ಲ. ಹತ್ತಿರದ ಬೀದಿಯಲ್ಲಿ ತಂಬೂರಿ, ಸಿತಾರ ಮಾಡುವವರ ಅಂಗಡಿಗಳು. ಅವರ ಹಿರಿಯರು ಆಯುಧ ಸಾಣೆಹಿಡಿಯುತ್ತಿದ್ದ ಶಿಕಲಗಾರರು. ಕತ್ತಿಗೆ ಗಿರಾಕಿ ಇಲ್ಲವಾದಾಗ ತಂತಿವಾದ್ಯಕ್ಕೆ ಕೈಹಾಕಿದರು. 2024ರಲ್ಲಿ ಆ ವಾದ್ಯಗಳಿಗೂ ಭೌಗೋಳಿಕ ಗುರುತು ದೊರೆಯಿತು.

ವರ್ಷಕ್ಕೊಮ್ಮೆಯ ದೊಡ್ಡ ಪಯಣವೆಂದರೆ ಜತ್ತ ತಾಲೂಕಿನ ಗುಡ್ಡಾಪುರ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನ ಕ್ಷೇತ್ರವಿದು. ಹತ್ತಿರದ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದವಳು ದಾನದಿಂದ ದಾನಮ್ಮನಾದಳೆಂದು ಹೇಳುತ್ತಾರೆ. ಕಾರ್ತಿಕದ ಅಮಾವಾಸ್ಯೆಗೆ ಎರಡೂ ರಾಜ್ಯಗಳಿಂದ ಪಾದಯಾತ್ರೆಯ ಜನ ಬರುತ್ತಾರೆ. ಊರು ಮಹಾರಾಷ್ಟ್ರದ್ದು; ಜಾತ್ರೆಯಲ್ಲಿ ಬಳೆಯಂಗಡಿಯ ಚೌಕಾಸಿಯಿಂದ ದಾಸೋಹದ ಸಾಲಿನವರೆಗೆ ಕನ್ನಡ. ನಮ್ಮ ಸಾಲಿನ ಮಕ್ಕಳಿಗೆ, ಮನೆಯ ಹೊರಗೆ ಅಪರಿಚಿತರೊಡನೆ ಕನ್ನಡ ಆಡಬಹುದು ಎಂದು ಗೊತ್ತಾಗುತ್ತಿದ್ದುದೇ ಅಲ್ಲಿ. ಅಜ್ಜಿಯೊಡನೆ ಆಡುವ ಭಾಷೆ ಅಂಗಡಿಯವನಿಗೂ ತಿಳಿಯುತ್ತದೆಂಬ ಅರಿವು ಸಣ್ಣದಲ್ಲ.

ಸಾಂಗಲಿಯ ಪೇಟೆಗೆ ಹೋದಾಗ ಗಣಪತಿ ಗುಡಿ, ಒಂದು ಪೊಟ್ಟಣ ಭಡಂಗ, ಸಾಧ್ಯವಾದರೆ ನಾಟಕ. ಇಲ್ಲಿ ನಮ್ಮ ಯಕ್ಷಗಾನದವರಿಗೆ ಹೆಮ್ಮೆಯಾಗುವ ಒಂದು ಸಂಗತಿ ಇದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಮೇಳ ಸಾಂಗಲಿಗೆ ಬಂದು ಆಡಿ ತೋರಿಸಿತು. ಅದನ್ನು ಮೆಚ್ಚಿದ ಚಿಂತಾಮಣರಾವ್ ಅವರು ಮರಾಠಿಯಲ್ಲೂ ಹಾಗೆ ಆಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನವೆಂದು ಇಂದಿಗೂ ಆಚರಿಸುವುದು ಆ ದಿನವನ್ನೇ. ಪಾರ್ತಿಸುಬ್ಬನ ನಾಡಿನವಳಾದ ನಾನು ಇದನ್ನು ನೆರೆಯ ಮರಾಠಿ ಶಿಕ್ಷಕಿಗೆ ಹೇಳಲು ಹೋದರೆ, ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. 1919ರಲ್ಲಿ ಆರಂಭವಾದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದೀರ್ಘಕಾಲ ಕನ್ನಡ ಕಲಿಸಿದರು, ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು. 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ 'ಕನ್ನಡ ಸಾಹಿತ್ಯ ಚರಿತ್ರೆ'ಯ ಲೇಖಕರು ಸಾಂಗಲಿಯ ಬೀದಿಯಲ್ಲಿ ನಡೆದಾಡಿದವರು.

ಇಷ್ಟೆಲ್ಲ ಇದ್ದೂ ದ್ವೀಪದ ದಂಡೆ ಸವೆಯುತ್ತಿದೆ. 1998ರಲ್ಲಿ ಸಾಂಗಲಿ, ಮಿರಜ, ಕುಪವಾಡಗಳು ಸೇರಿ ಒಂದೇ ಮಹಾನಗರಪಾಲಿಕೆಯಾದವು. ಬಾಡಿಗೆಯ ಸಾಲುಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು. ನಲ್ಲಿಯ ಸುತ್ತಲಿನ ಮಾತು ನಿಂತಿತು. ಐದು ಮನೆಯವರು ಒಟ್ಟಿಗೆ ಹೊರಡುತ್ತಿದ್ದುದು ಹೋಗಿ ಪ್ರತಿಯೊಬ್ಬರಿಗೂ ಬೈಕು ಬಂತು. ಮುದುಕಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಇಂಗ್ಲಿಷ್ ಮಾಧ್ಯಮದ ಶಾಲೆ ಬಂದಾಗ ಇಳಿದುಹೋದದ್ದು ಕನ್ನಡ ಮಾತ್ರವಲ್ಲ, ಮರಾಠಿಯೂ. 2019ರ ಆಗಸ್ಟಿನ ನೆರೆಯಲ್ಲಿ ಐರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿ ಸಾಂಗಲಿ ನಿಜವಾಗಿಯೇ ದ್ವೀಪವಾಯಿತು. ಆಗ ಹೊಳೆಯ ಬದಿಯ ಎರಡು ಸಂಸಾರಗಳು ನಮ್ಮ ಮನೆಗೆ ಬಂದು ಎಂಟು ದಿನ ಇದ್ದವು. ಒಂದೇ ಪಡಸಾಲೆಯಲ್ಲಿ ಹದಿಮೂರು ಜನ. ಮಕ್ಕಳ ಬಾಯಲ್ಲಿ ಹಳೆಯ ಕನ್ನಡ ಮರಳಿ ಬಂದದ್ದು ಆ ಎಂಟು ದಿನಗಳಲ್ಲಿ. ಜೊತೆಗಿದ್ದರೆ ಭಾಷೆ ಬದುಕುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ನನ್ನಲ್ಲಿಲ್ಲ.

ಲಿಪಿಯ ಪ್ರಶ್ನೆ ಬೇರೆಯೇ. ನಮ್ಮ ಸಾಲಿನ ಒಬ್ಬಳು ಹುಡುಗಿಯನ್ನು ಚಿಕ್ಕೋಡಿಯ ಕಡೆಗೆ ಕೊಟ್ಟರು. ಮಾತಿಗೆ ತೊಂದರೆಯಿರಲಿಲ್ಲ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಚೀಟಿ, ಔಷಧದ ಕಾಗದ ಯಾವುದೂ ಓದಲು ಬಾರದು. ಮರಾಠಿಯಲ್ಲಿ ಹತ್ತನೆಯ ತರಗತಿ ಪಾಸಾದವಳು ಗಂಡನ ಮನೆಯಲ್ಲಿ ಅನಕ್ಷರಸ್ಥೆಯಂತೆ ಆರು ವರ್ಷ ಬದುಕಿದಳು. ಮಗ ಒಂದನೆಯ ತರಗತಿಗೆ ಹೋದಾಗ ಅವನ ಪುಸ್ತಕದಲ್ಲೇ ತಾನೂ ಅಕ್ಷರ ತಿದ್ದಿದಳು. ಈಚೆಗೆ ನನಗೊಂದು ಕಾಗದ ಬರೆದಿದ್ದಳು. ಒತ್ತಕ್ಷರಗಳು ಹೆಚ್ಚಾಗಿ ತಪ್ಪಿದ್ದವು, ಅರ್ಥ ಒಂದೂ ತಪ್ಪಿರಲಿಲ್ಲ.

ಕಾಸರಗೋಡಿನ ನಮ್ಮ ಮನೆಗಳಲ್ಲೂ ಈಗ ಮಕ್ಕಳು ಕನ್ನಡ ಆಡುತ್ತಾರೆ, ಮಲೆಯಾಳ ಆಡುತ್ತಾರೆ, ಬರೆಯುವುದು ಇಂಗ್ಲಿಷಿನಲ್ಲಿ. ಹಕ್ಕಿನ ಹೋರಾಟ ನಡೆಯಲಿ, ಅದು ಬೇಕಾದದ್ದೇ. ಜತೆಗೆ ಮಧೂರಿಗೋ, ಅನಂತಪುರದ ಕೆರೆಗೋ, ಬೇಕಲದ ಕೋಟೆಗೋ ಮಕ್ಕಳನ್ನು ಕರೆದೊಯ್ಯುವ ಅಜ್ಜಂದಿರು ದಾರಿಯಲ್ಲಿ ಕಾಣುವ ಗಿಡ, ಗುಂಡಿ, ಗುಡಿ, ಅಂಗಡಿಗಳ ಹೆಸರನ್ನು ಒಮ್ಮೆ ಕನ್ನಡದಲ್ಲಿ ಹೇಳಲಿ, ಬೋರ್ಡು ಕಂಡಲ್ಲಿ ಓದಿಸಲಿ. ಕುಪವಾಡದ ಐದು ಮನೆಗಳು ಎರಡು ತಲೆಮಾರು ಮಾಡಿದ್ದು ಇಷ್ಟನ್ನೇ. ಇದಕ್ಕೆ ಸರಕಾರದ ಆದೇಶ ಬೇಕಾಗಲಿಲ್ಲ, ಬುತ್ತಿಯ ಗಂಟು ಸಾಕಾಯಿತು.