ಮೂರು ನಿಮಿಷದ ತಕ್ಕಡಿ

ಸೀಟಿಗಾಗಿ ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿ ಏನೇನು ತಯಾರಿ ಮಾಡಿಕೊಳ್ಳಬೇಕು? 1960ರ ದಶಕದ ಮೈಸೂರು ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಮಟ್ಟಿಗೆ ಸರ್ಕಾರವೇ ಇದಕ್ಕೊಂದು ಪಟ್ಟಿ ಕೊಟ್ಟಿತ್ತು: ಸಾಮಾನ್ಯ ಜ್ಞಾನ, ಸಹಜ ಸಾಮರ್ಥ್ಯ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅಂಕ ಸಂದರ್ಶನಕ್ಕೆ.

ಪಟ್ಟಿಯೇನೋ ಚೆನ್ನಾಗಿತ್ತು. ಆದರೆ ಕಾಲೇಜು ಬಿಟ್ಟೊಡನೆ ಹೊಲಕ್ಕೋ ಅಂಗಡಿಗೋ ಹೋಗಬೇಕಾದ ಹುಡುಗ ನಾಟಕ, ಚರ್ಚೆಗಳಿಗೆ ಸಮಯ ಎಲ್ಲಿಂದ ತರಬೇಕು? ಇಂಥ ತಯಾರಿ ಸಂದರ್ಶನದ ಹಿಂದಿನ ವಾರದಲ್ಲಿ ಆಗುವಂಥದ್ದಲ್ಲ. ಮನೆಯ ಅನುಕೂಲದ ಜೊತೆಗೇ ಬೆಳೆದು ಬರುವಂಥದ್ದು.

ಈ ವ್ಯವಸ್ಥೆಯನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1964ರ ಜನವರಿಯಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಸುಬ್ಬರಾವ್, ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿದರು. ಒಂದು ವಿಧಾನ ದುರುಪಯೋಗವಾಗಬಹುದು ಎಂಬ ಕಾರಣಕ್ಕೇ ಆ ವಿಧಾನ ಕೆಟ್ಟದ್ದಾಗುವುದಿಲ್ಲ ಎಂಬುದು ಅವರ ವಾದದ ತಿರುಳು.

ಆರು ವರ್ಷದ ಬಳಿಕ ಅದೇ ಪ್ರಶ್ನೆ ತಮಿಳುನಾಡಿನ ಮೆಡಿಕಲ್ ಕಾಲೇಜುಗಳಿಂದ ಬಂತು. ಅಲ್ಲಿ ಸಂದರ್ಶನಕ್ಕೆ 75 ಅಂಕ, ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಸರಾಸರಿ ಮೂರು ನಿಮಿಷ. 1970ರ ಪೆರಿಯಕರುಪ್ಪನ್ ಪ್ರಕರಣದ ತೀರ್ಪು ಬರೆದವರು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ, ಮೈಸೂರು ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ದೆಹಲಿಗೆ ಹೋದವರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಅಷ್ಟು ಕಡಿಮೆ ಹೊತ್ತಿನಲ್ಲಿ ಒಬ್ಬರ ಯೋಗ್ಯತೆಯನ್ನು ಅಳೆಯಲಾಗದು ಎಂದು ಅವರು ಕಂಡರು.

ಲೆಕ್ಕ ಇನ್ನಷ್ಟು ಸ್ಪಷ್ಟವಾದದ್ದು ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ. ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50. ಬರವಣಿಗೆಯಲ್ಲಿ 80 ತೆಗೆದವರಿಗೆ ಸಂದರ್ಶನದಲ್ಲಿ 10, ಬರವಣಿಗೆಯಲ್ಲಿ 55 ತೆಗೆದವರಿಗೆ 40 ಕೊಟ್ಟರೆ ಸಾಕು, ಸೀಟು ಕೈಬದಲಾಗುತ್ತದೆ. ಎರಡು ಮೂರು ನಿಮಿಷದ ಮಾತುಕತೆಯಲ್ಲಿ ತಂದೆತಾಯಿ ಯಾರು, ಊರು ಯಾವುದು ಎಂದಷ್ಟೇ ಕೇಳಿದರು ಎಂಬುದು ಅರ್ಜಿದಾರರ ದೂರು. ಅಜಯ್ ಹಾಸಿಯಾ ಹೆಸರಿನ ಈ ಪ್ರಕರಣದಲ್ಲಿ 1980ರ ನವೆಂಬರ್‌ನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಪಿ.ಎನ್. ಭಗವತಿ, ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಸಲ್ಲದು ಎಂದರು. ಸಂದರ್ಶನವನ್ನು ಟೇಪ್ ಮಾಡಿಟ್ಟರೆ ಒಳ್ಳೆಯದು ಎಂದೂ ಸೂಚಿಸಿದರು.

ಗುಟ್ಟು ಇರುವುದು ಆ ಟೇಪಿನಲ್ಲೇ. ಉತ್ತರಪತ್ರಿಕೆಯನ್ನು ಮತ್ತೊಮ್ಮೆ ತೆಗೆದು ನೋಡಬಹುದು; ಮೂರು ನಿಮಿಷದ ಮಾತಿಗೆ ಸಾಕ್ಷಿಯಿಲ್ಲ. 1994ರಲ್ಲಿ ಕರ್ನಾಟಕಕ್ಕೆ ಸಿಇಟಿ ಬಂದಿತು. ಪ್ರವೇಶ ಪರೀಕ್ಷೆಗೂ ಅದರದೇ ಪಕ್ಷಪಾತವಿದೆ, ಕೋಚಿಂಗಿಗೆ ದುಡ್ಡು ಬೇಕು. ಆದರೂ ಓದಿ ತಯಾರಾಗಬಹುದಾದ ಪರೀಕ್ಷೆ ಅದು. ಅಪ್ಪನ ಹೆಸರು, ಊರಿನ ಹೆಸರುಗಳಿಗೆ ಯಾರೂ ತಯಾರಿ ಮಾಡಿಕೊಳ್ಳಲಾರರು.