ಮಹಾಗನಿ ಮರದ ಮೂಲೆ ಬೀರು

ಇಂಗ್ಲೆಂಡ್, 18ನೇ ಶತಮಾನದ ಕೊನೆಯ ಭಾಗ
ಮಹಾಗನಿ, ಪೈನ್, ಗಾಜು, ಹಿತ್ತಾಳೆ

ಊಟದ ಕೋಣೆಯ ಮೂಲೆಯಲ್ಲಿ ಪಿಂಗಾಣಿ ಪಾತ್ರೆಗಳನ್ನು ಜೋಡಿಸಿಡಲು ಮಾಡಿಸುತ್ತಿದ್ದ ಬೀರು ಇದು.

ಶೈಲಿ
1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೆಯಿ ನಗರಗಳ ಉತ್ಖನನ ಆರಂಭವಾದಾಗ ಯುರೋಪಿನ ಗಮನ ಪ್ರಾಚೀನ ರೋಮಿನ ಕಲೆಯತ್ತ ಹರಿಯಿತು. 1760ರ ದಶಕದಲ್ಲಿ ರಾಬರ್ಟ್ ಆಡಮ್‌ನಂಥ ವಾಸ್ತುಶಿಲ್ಪಿಗಳು ಆ ಮಾದರಿಯನ್ನು ಬ್ರಿಟನ್ನಿನ ಮನೆಗಳೊಳಗೆ ತಂದರು. ಬೀರುವಿನ ನೆತ್ತಿಯ ತ್ರಿಕೋನ, ಅದರಡಿಯ ಹಲ್ಲುಸಾಲಿನ ಪಟ್ಟಿ, ಬಾಗಿಲ ಇಕ್ಕೆಲದ ಗೀರುಗಂಬಗಳು ರೋಮನ್ ದೇಗುಲದ ಮುಂಭಾಗವನ್ನೇ ಹೋಲುತ್ತವೆ.

ಕುಶಲತೆ
ಮಹಾಗನಿ ಬೇಗ ಸೊಟ್ಟಗಾಗದ, ಸೂಕ್ಷ್ಮ ಕೆತ್ತನೆಗೆ ಒಗ್ಗುವ ಗಟ್ಟಿ ಮರ. ಗಾಜುಗಳನ್ನು ಹಿಡಿದಿರುವ ಕಡ್ಡಿಯಷ್ಟು ತೆಳುವಾದ ಪಟ್ಟಿಗಳು ಗಟ್ಟಿಯಾಗಿ ನಿಲ್ಲುವುದು ಈ ಗುಣದಿಂದಲೇ. ಗೋಡೆಗೆ ಮರೆಯಾಗುವ ಹಿಂಬದಿಗೆ ಮಾತ್ರ ಅಗ್ಗದ ಪೈನ್ ಬಳಸಿದ್ದಾರೆ. ಗೋಡೆಗಳು ಕೂಡುವ ಕೋನಕ್ಕೆ ಸರಿಯಾಗಿ ಹಲಗೆಗಳನ್ನು ಓರೆಯಾಗಿ ಕೊಯ್ದು ಸಂದಿಲ್ಲದೆ ಕೂಡಿಸುವುದು ನುರಿತ ಬಡಗಿಯ ಕೆಲಸ.

ಮರದ ಮೂಲ
1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳ ಮರದ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಆ ಬಳಿಕ ಜಮೈಕಾದ ಮಹಾಗನಿ ಹೇರಳವಾಗಿ ಬರತೊಡಗಿತು. ಕೆರಿಬಿಯನ್ ಕಾಡುಗಳಲ್ಲಿ ಅದನ್ನು ಕಡಿದು ಸಾಗಿಸಿದವರಲ್ಲಿ ಬಹುಪಾಲು ಜನ ಗುಲಾಮರನ್ನಾಗಿ ಮಾಡಲಾಗಿದ್ದ ಆಫ್ರಿಕನ್ನರು. ಇಂಥ ಬೀರುಗಳ ಚರಿತ್ರೆಯಲ್ಲಿ ಬಡಗಿಯ ಕೈಚಳಕದಷ್ಟೇ ಅವರ ದುಡಿಮೆಗೂ ಸ್ಥಾನ ಸಲ್ಲಬೇಕು.