ತುಂಬಿದ ಮನೆ: ಮನಸ್ಸಿಗೆ ಮದ್ದೋ, ಬೇನೆಯೋ?

ಮನೆ ತುಂಬ ಜನರಿದ್ದರೆ ಮನಸ್ಸಿಗೆ ಕಾಯಿಲೆ ಬಾರದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅಂಥದೇ ಮನೆಯಲ್ಲಿ ಬೆಂದು ಬಸವಳಿದ ಸೊಸೆಯ ಮೈಮೇಲೆ ದೆವ್ವ ಬರುವುದೂ ಹೊಸತಲ್ಲ. ಹಾಗಾದರೆ ಕುಟುಂಬವು ಮನೋರೋಗಕ್ಕೆ ಮದ್ದೋ, ಮೂಲವೋ?

ಪಶ್ಚಿಮದ ಹಲವು ವೈದ್ಯರು ಒಂದು ಕಾಲದಲ್ಲಿ ಮೂಲವೆಂದೇ ಬಗೆದಿದ್ದರು. ಅಮೆರಿಕದ ಫ್ರೀಡಾ ಫ್ರಾಮ್-ರೈಕ್‌ಮನ್ 1948ರಲ್ಲಿ ಸ್ಕಿಜೋಫ್ರೇನಿಯಾಕ್ಕೆ ತಾಯಿಯ ನಡವಳಿಕೆಯನ್ನು ಹೊಣೆ ಮಾಡಿದರು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಮನೆಯೊಳಗಿನ ಇಬ್ಬಂದಿ ಮಾತುಗಳತ್ತ ಬೊಟ್ಟು ಮಾಡಿದರು. ಈ ವಾದಗಳಿಗೆ ಮುಂದೆ ಸಾಕಷ್ಟು ಪುರಾವೆ ಸಿಗಲಿಲ್ಲ. ಆದರೆ ತಾಯಂದಿರ ತಲೆಗೆ ಕಟ್ಟಿದ ತಪ್ಪಿನ ಹೊರೆ ಬೇಗ ಇಳಿಯಲಿಲ್ಲ.

ಭಾರತದ ವೈದ್ಯರು ಬೇರೆ ದಾರಿ ಹಿಡಿದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲೇ ಉಳಿಸಿಕೊಂಡು, ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಇಡೀ ಕುಟುಂಬಕ್ಕೆ ಸಲಹೆ ನೀಡುವ ಪದ್ಧತಿ ಅಲ್ಲಿಯೂ ಬೇರೂರಿತು.

ಹಳ್ಳಿಯ ಬದುಕನ್ನು ನೇರವಾಗಿ ಪರಿಶೀಲಿಸಿದ್ದು ಕರಾವಳಿಯ ಕೋಟದಲ್ಲಿ. ಎಡಿನ್‌ಬರೊದ ಮನೋವೈದ್ಯ ಮೋರಿಸ್ ಕಾರ್ಸ್ಟೇರ್ಸ್ ಮತ್ತು ಡಾ. ಆರ್.ಎಲ್. ಕಪೂರ್ ಅವರು ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಸೋದರಮಾವನ ಆಸ್ತಿ ಅಳಿಯನಿಗೆ ಸಲ್ಲುವ ಅಳಿಯಸಂತಾನ ಪದ್ಧತಿ ಆಗ ಸಡಿಲುತ್ತಿತ್ತು. ಆ ಬದಲಾವಣೆ ಮನಸ್ಸನ್ನು ಹೇಗೆ ತಟ್ಟುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಹಳ್ಳಿಯೆಂದರೆ ನೆಮ್ಮದಿ ಎಂಬ ಕಲ್ಪನೆಗೆ ವಿರುದ್ಧವಾಗಿ ಅಲ್ಲಿಯೂ ಮನೋವ್ಯಥೆ ಸಾಕಷ್ಟಿತ್ತು. ಜನರು ವೈದ್ಯರ ಬಳಿಗೂ ಮಂತ್ರವಾದಿಯ ಬಳಿಗೂ ಹೋಗುತ್ತಿದ್ದರು.

1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನಗಳು ಇನ್ನೊಂದು ಎಳೆಯನ್ನು ಬಿಡಿಸಿದವು. ಅಲ್ಲಿನ ಬಂಧುಗಳಲ್ಲಿ ರೋಗಿಯನ್ನು ಹೀಯಾಳಿಸುವುದು, ಹಗೆ ತೋರುವುದು ಲಂಡನ್ನಿನವರಿಗಿಂತ ಕಡಿಮೆಯಿತ್ತು. ಹಗೆಯಿದ್ದ ಮನೆಗಳಲ್ಲಿ ಮಾತ್ರ ಕಾಯಿಲೆ ಮರುಕಳಿಸುವುದು ಹೆಚ್ಚಾಗಿತ್ತು. ಅಂದರೆ ತಲೆಗಳ ಎಣಿಕೆಗಿಂತ ಆಡುವ ಮಾತು ಮುಖ್ಯ.

ರೋಗಿಯನ್ನು ಮನೆಯವರು ಬೇಡವೆಂದ ಮಾತ್ರಕ್ಕೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಆದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಹೆಚ್ಚಾಗಿ ಒಬ್ಬ ತಾಯಿ, ಇಲ್ಲವೇ ಹೆಂಡತಿ. ಮಂಡಕಳ್ಳಿಯಲ್ಲಾಗಲಿ, ಮೈಸೂರಿನ ಬಡಾವಣೆಯಲ್ಲಾಗಲಿ, ತುಂಬಿದ ಮನೆಯನ್ನು ಹೊಗಳುವ ಮೊದಲು ಆಕೆಯ ಹೆಗಲ ಮೇಲಿನ ಭಾರವನ್ನು ಹಂಚಿಕೊಳ್ಳುವವರಿದ್ದಾರೆಯೇ ಎಂದು ಕೇಳಬೇಕಾಗಿದೆ.